ಸ್ಟೇಟಸ್ಸಿಗೆ ಬಂದ ಅವ್ವ

ನಮ್ಮ ಅವ್ವ ಬಲು ಸಂಕೋಚದ ಹೆಣ್ಣುಮಗಳು ಎಂದು ಊರಿಗೆ ಊರೇ ಹೇಳುತ್ತಿತ್ತು. ಗಬ್ಬೂರಿನ ಹತ್ತಿರ ಗೌಡರೊಬ್ಬರ ಹೊಲದಲ್ಲಿ ಅವಳು ಹರೆಯದಿಂದ ಮುಪ್ಪಿನ ತನಕ ಕಳೆ ತೆಗೆದಳು, ಹತ್ತಿ ಬಿಡಿಸಿದಳು. ಗೌಡರು ಎದುರಾದರೆ ಸೆರಗು ಹುಬ್ಬಿನ ತನಕ ಇಳಿಯುತ್ತಿತ್ತು, ಕಣ್ಣು ನೆಲ ನೋಡುತ್ತಿದ್ದವು. ನಾನು ಓದಿ, ಮಾನ್ವಿಯಲ್ಲಿ ಟೀಚರಾಗಿ, ರಾಯಚೂರಿನಲ್ಲಿ ಮನೆ ಮಾಡಿ ಅವಳನ್ನು ಕರೆತಂದ ಮೇಲೂ ಅದು ಬಿಡಲಿಲ್ಲ. ಯಾರಾದರೂ ಫೋಟೊ ತೆಗೆಯಲು ಮೊಬೈಲು ಎತ್ತಿದರೆ ಸಾಕು, ಅವ್ವ ಒಳಗೆ ಹೋಗಿಬಿಡುತ್ತಿದ್ದಳು. ಅದು ಅವಳ ಸ್ವಭಾವ ಎಂದೇ ನಾನೂ ನಂಬಿದ್ದೆ.

ನನ್ನ ಮಗಳು ಇದಕ್ಕೆ ತದ್ವಿರುದ್ಧ. ಕಾಲೇಜಿಗೆ ಹೊರಟರೆ ಒಂದು ಸೆಲ್ಫಿ, ಬಸ್ಸಿನಲ್ಲಿ ಒಂದು, ತಲೆಗೆ ಎಣ್ಣೆ ಹಚ್ಚಿಕೊಂಡರೂ ಒಂದು. ಎಲ್ಲದರಲ್ಲೂ ಗದ್ದ ಮೇಲೆತ್ತಿದ್ದೇ. ನೋಡಿ ನೋಡಿ ನನಗೂ ಒಮ್ಮೊಮ್ಮೆ ತಲೆ ಕೆಡುತ್ತಿತ್ತು. ಆದರೂ ಅವಳ ಮುಖ, ಅವಳ ಮೊಬೈಲು ಎಂದು ಸುಮ್ಮನಿದ್ದೆ.

ಅವಳು ಡಿಗ್ರಿ ಪಾಸಾದ ದಿನ ಅಂಥದೊಂದು ಸೆಲ್ಫಿಯನ್ನು ಸಂತೋಷದಿಂದ ನನ್ನ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿದೆ. ಗೌಡರ ಮಗಳನ್ನು ಮಾನ್ವಿಗೆ ಕೊಟ್ಟಿದ್ದಾರೆ, ಆಕೆಯ ಮಗ ನಮ್ಮ ಶಾಲೆಯಲ್ಲಿ ಓದುತ್ತಾನೆ. ಹಾಗಾಗಿ ನನ್ನ ನಂಬರು ಗೌಡರ ಹತ್ತಿರವೂ ಇತ್ತು. ಪದೇ ಪದೇ ಸೆಲ್ಫಿ ಹಾಕುವವರ ಗುಣದೋಷ ಹೇಳುವ ಒಂದು ಫಾರ್ವರ್ಡ್ ಮೆಸೇಜು ಅವರಿಂದ ಬಂತು. ಅದರ ಬೆನ್ನಿಗೇ ಒಂದು ವಾಯ್ಸ್ ಮೆಸೇಜು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಒತ್ತಿಬಿಟ್ಟೆ.

"ಮಗಳು ಬಾಳ ಸೊಕ್ಕಿನಾಕಿ ಕಾಣತಾಳ ಟೀಚರ್. ನಿಮ್ಮವ್ವನ ನೋಡ್ರಿ, ಒಂದಿನಾನೂ ಆಕಿ ನಮ್ಮ ಮುಂದ ತಲಿ ಎತ್ತಲಿಲ್ಲ. ಗುಣ ಅಂದ್ರ ಅದು."

ಮಗಳು ಕೈ ತೊಳೆದು ಬಂದು, ಗೋಡೆಗೆ ಒರಗಿ ಕೂತು, ಒಂದೊಂದೇ ಫೋಟೊ ಅಳಿಸತೊಡಗಿದಳು. ನನ್ನ ಮೈಯೆಲ್ಲ ಉರಿಯಿತು. ಗೌಡರಿಗೆ ಏನೋ ಬರೆಯಲು ಹೋಗಿ ಅರ್ಧಕ್ಕೇ ಬಿಟ್ಟೆ.

ಅವ್ವ ಎದ್ದು ಹೋಗಿ ಮೊಮ್ಮಗಳ ಕೈ ಹಿಡಿದಳು. "ನಂದು ಗುಣ ಅಲ್ಲ ಯವ್ವಾ, ಅಂಜಿಕಿ. ತಲಿ ಎತ್ತಿದ್ರ ಮರದಿನ ಕೂಲಿಗಿ ಕರೀತಿದ್ದಿಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತು ನಾನು ಕೇಳಿರಲಿಲ್ಲ.

ಆಮೇಲೆ ಅವ್ವನೇ ಕೇಳಿದಳು, ತನ್ನದೂ ಒಂದು ತೆಗೆಯಬೇಕಂತೆ, ತಾನೇ ಹಿಡಿದು ತೆಗೆಯಬೇಕಂತೆ. ಬುದ್ಧನ ಪಟದ ಕೆಳಗೆ ಕೂತು ಸೆರಗನ್ನು ಹಿಂದೆ ಸರಿಸಿದಳು. ಮಗಳು ಮೊಬೈಲು ಹಿಡಿಯುವುದನ್ನು ಕಲಿಸಿದಳು. ಪರದೆಯಲ್ಲಿ ತನ್ನ ಮುಖ ಕಂಡೊಡನೆ ಅವ್ವ, ಯಾರೋ ದೊಡ್ಡವರು ಎದುರಿಗೆ ಬಂದಂತೆ ಕಣ್ಣು ಕೆಳಗಿಳಿಸುತ್ತಿದ್ದಳು. ಮತ್ತೆ ಎತ್ತುವಳು, ಮತ್ತೆ ಇಳಿಸುವಳು. ನನಗೆ ನೋಡಲಾಗಲಿಲ್ಲ, ಸಾಕು ಬಿಡು ಎಂದೆ. ಅವಳು ಬಿಡಲಿಲ್ಲ. ಕೊನೆಗೊಂದು ನೆಟ್ಟಗೆ ಬಂತು. ನಗು ಇರಲಿಲ್ಲ, ಕಣ್ಣು ಎದುರಿಗಿದ್ದವು.

ಮೊಮ್ಮಗಳದು ಹಾಕಿದಲ್ಲೇ ಇದನ್ನೂ ಹಾಕು ಎಂದಳು. ಏನೂ ಬರೆಯದೆ ಸ್ಟೇಟಸ್ಸಿಗೆ ಹಾಕಿದೆ.

ಸಂಜೆ ಗೌಡರ ಮೆಸೇಜು ಬಂತು. ಇವರು ಯಾರು, ನಿಮ್ಮ ಅತ್ತೆಯವರೇನು ಎಂದು ಕೇಳಿದ್ದರು.

ಅವ್ವನಿಗೆ ಓದಿ ಹೇಳಿದೆ. ಅವಳು ಅಕ್ಕಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಗುರ್ತು ಹೆಂಗ ಸಿಗತದ," ಎಂದಳು. "ಅವರು ನನ್ನ ಮಕ ನೋಡಿದ್ದು ಇವತ್ತ."