ದುಬೈ ಕಡಲಂಚಿನ ತಗ್ಗು ಮಾಡು

ದುಬೈಯ ಈ ರೆಸಾರ್ಟನ್ನು ಮೆಕ್ಸಿಕೋದ ಕಡಲೂರಿನಂತೆ ಕಟ್ಟಿದ್ದಾರೆ. ಕಾವಿ ಬಣ್ಣದ ಗೋಡೆಗಳು, ಅಂಗಳದ ತುಂಬ ಕಳ್ಳಿ, ಮರಳಿನ ಮೇಲೆ ಗರಿ ಹೊದಿಸಿದ ಚಪ್ಪರಗಳು. ಮೊದಲ ಚಪ್ಪರದೊಳಗೆ ಕಾಲಿಡುವಾಗಲೇ ಸೂರು ನನ್ನ ಹಣೆಗೆ ತಾಗಿತು.

"ಬಗ್ಗಿ ಬನ್ನಿ ಮಾರಾಯ್ರೆ," ಎಂದರು ಜೊತೆಗಿದ್ದ ಸಂಜೀವಣ್ಣ. ಕುಂದಾಪುರದ ಕಡೆಯವರು, ಚಪ್ಪರಗಳ ಈ ಗರಿಯ ಮಾಡುಗಳನ್ನೆಲ್ಲ ಹೊದಿಸಿದ್ದು ಅವರೇ.

ನಕ್ಷೆಯಲ್ಲಿ ಸೂರು ಏಳಡಿ ಎತ್ತರವಿತ್ತಂತೆ. "ನಾನು ಊರಿನ ಅಂದಾಜಿಗೆ ಇಳಿಸಿಬಿಟ್ಟೆ. ಎರಚಲು ಒಳಗೆ ಬರಬಾರದಲ್ಲ. ಇಲ್ಲಿ ಮಳೆ ಎಲ್ಲುಂಟು ಅಂತ ಆಮೇಲೆ ನೆನಪಾಯ್ತು."

ಕೆಲಸ ಹೋಯಿತೆಂದೇ ಅವರು ಪೆಟ್ಟಿಗೆ ಕಟ್ಟಿಟ್ಟಿದ್ದರು. ಆದರೆ ಮೆಕ್ಸಿಕೋದಿಂದ ಬಂದ ವಿನ್ಯಾಸಗಾರ ಬಗ್ಗಿ ಒಳಹೊಕ್ಕು ಕುಳಿತ. ಸೂರು ತಗ್ಗಾದ್ದರಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತಿರಲಿಲ್ಲ, ಕಡಲು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ನೋಡಿ ಎದ್ದವನು, ಉಳಿದವನ್ನೂ ಹೀಗೇ ಕಟ್ಟು ಎಂದನಂತೆ.

"ಮತ್ತೆ ಮಳೆ ಬಂತಾ?" ಎಂದು ನಾನು ಕೇಳಿದೆ.

"ಎಂಟು ವರ್ಷದಲ್ಲಿ ಮೂರು ಸಲ ಜೋರು ಬಂತು." ಸಂಜೀವಣ್ಣ ಸೂರಿನ ಗರಿಯೊಂದನ್ನು ನೇರ ಮಾಡಿದರು. "ಒಂದು ಹನಿ ಒಳಗೆ ಬೀಳಲಿಲ್ಲ."