ಮರಳುಗಾಡಿನಲ್ಲಿ ಒಡ್ಡಿದ ಬೊಗಸೆ

ಆ ಅರಬ್ಬಿ ಮುದುಕಿ ನೀರಿನ ಬಟ್ಟಲನ್ನು ನನ್ನ ಮುಂದಿನ ಮರಳಿಗೆ ಕುಕ್ಕಿ ಬಯ್ಯತೊಡಗಿದಳು. ಹಜ್ ಯಾತ್ರೆಗೆಂದು ಜಿದ್ದಾದಲ್ಲಿ ಹಡಗಿಳಿದು, ಒಂಟೆಗಳ ಜೊತೆ ಮಕ್ಕಾದ ದಾರಿ ಹಿಡಿದಿದ್ದೆವು. ಬಳ್ಳಾರಿಯ ಬಿಸಿಲಲ್ಲೇ ಬೆಳೆದವನಾದರೂ ಅಲ್ಲಿಯ ಬೇಸಿಗೆಗೆ ನನ್ನ ನಾಲಿಗೆ ಒಣಗಿ ಮಾತೇ ಹೊರಡುತ್ತಿರಲಿಲ್ಲ. ಬಾವಿಯ ಬಳಿ ಕೂತಿದ್ದ ಆಕೆ ನನ್ನನ್ನು ಕರೆದು, ತಾನೊಂದು ಗುಟುಕು ಕುಡಿದು, ಅದೇ ಬಟ್ಟಲನ್ನು ನನ್ನತ್ತ ಚಾಚಿದ್ದಳು. ನಾನು ಅದನ್ನು ಮುಟ್ಟದೆ, ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಿದ್ದೆ.

ಜೊತೆಗಿದ್ದ ಸಿರುಗುಪ್ಪದ ಹುಸೇನಸಾಬರಿಗೆ ಅಷ್ಟಿಷ್ಟು ಅರಬ್ಬಿ ಬರುತ್ತಿತ್ತು. “ತಾ ಬಾಯಿ ಹಚ್ಚಿದ್ದು ನಿಮಗ ಮೈಲಿಗಿ ಆತೇನಂತ ಕೇಳಾಕತ್ಯಾಳ. ಬಟ್ಟಲ ಎತ್ತಿ ಕುಡೀರಿ,” ಎಂದರು.

ನನಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಕುರುಗೋಡು ದಾರಿಯ ಅರವಟ್ಟಿಗೆಯಲ್ಲಿ ಹತ್ತಿ ಹಿಂಜುವ ನಮ್ಮವರ ಕೈಗೆ ಚೊಂಬು ಕೊಡುವುದಿಲ್ಲ. ದೂರ ಕೂರಿಸಿ, ಬಿದಿರಿನ ದಬ್ಬೆಯಿಂದ ಬೊಗಸೆಗೆ ನೀರು ಬಿಡುತ್ತಾರೆ. ನಮ್ಮಪ್ಪ ಹಾಗೇ ಕುಡಿದ, ನಾನೂ ಕುಡಿದೆ. ಸಮುದ್ರ ದಾಟಿ ಬಂದರೂ ನನ್ನ ಕೈಗಳು ಆ ಪಾಠ ಮರೆತಿರಲಿಲ್ಲ. ಬಟ್ಟಲನ್ನೆತ್ತಿ ತುಟಿಗೆ ಹಚ್ಚಿ, ತಳ ಕಾಣುವವರೆಗೂ ಕುಡಿದೆ. ಮುದುಕಿಯ ಮುಖದ ಗಂಟು ಆಗ ಸಡಿಲವಾಯಿತು.

ಊರಿಗೆ ಮರಳಿದ ಮೇಲೆ ಅದೇ ಅರವಟ್ಟಿಗೆಯವನು “ಬರ್ರಿ ಹಾಜಿ ಸಾಬ್ರ, ಕುಂದರ್ರಿ” ಎಂದು ಭಾರಿ ಮರ್ಯಾದೆಯಿಂದ ಕರೆದು, ದಬ್ಬೆ ಎತ್ತಿಕೊಂಡ. “ಚೊಂಬು ಕೊಡು,” ಎಂದೆ. ತಮಾಷೆಯೆಂದುಕೊಂಡು ನಕ್ಕ. ಅಂದಿನಿಂದ ಆ ದಾರಿಯಲ್ಲಿ ಎಂಥ ಬಿಸಿಲಿದ್ದರೂ ಬಾಯಾರಿಕೊಂಡೇ ನಡೆಯುತ್ತೇನೆ.