ಮಾರಿಯಮ್ಮನ ಕೊರಳಿನ ಬಿಲ್ಲೆ

ಆಶಾರಾಣಿ ಪ್ರೊಫೆಸರ್ ಆದಳು ಅಂತ ಪೇಪರಿನಲ್ಲಿ ಬಂದಾಗ ಗಣಿ ಕೆಲಸಗಾರರ ಸಾಲುಮನೆಗಳ ನಮ್ಮ ಕೋರಮಂಡಲ್ ಲೈನಿನಲ್ಲಿ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಹೊಟ್ಟೆಕಿಚ್ಚೂ ಇತ್ತು, ಬಚ್ಚಿಟ್ಟು ಏನಾಗಬೇಕು? ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ನಾನು ಇಲ್ಲೇ ಕನ್ನಡ ಶಾಲೆಯ ಟೀಚರಾಗಿ ಸೀಮೆಸುಣ್ಣದ ಧೂಳು ಕುಡಿದೆ. ಅವಳು ಬೆಂಗಳೂರಿನ ದೊಡ್ಡ ಕಾಲೇಜಿನಲ್ಲಿ ಕಲೆಯ ಇತಿಹಾಸ ಹೇಳಿಕೊಡುವವಳಾದಳು. ಪೇಪರಿನಲ್ಲಿ ಅವಳ ಹುಟ್ಟೂರು ಬೆಂಗಳೂರು ಅಂತಿತ್ತು. ಲೈನಿನವರು ಅದನ್ನು ಅಚ್ಚಿನ ತಪ್ಪು ಅಂದುಕೊಂಡರು.

ಅವಳಪ್ಪ ಕುಪ್ಪುಸ್ವಾಮಿ ಮಾಮ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಶಿಫ್ಟ್ ಮುಗಿಸಿ ಬಂದರೆ ಕೈಯಲ್ಲಿ ಬ್ರಷ್ಷು. ಅಂಗಡಿಯ ಬೋರ್ಡು, ಪೊಂಗಲ್ಲಿಗೆ ಎತ್ತಿನ ಕೊಂಬು, ಕ್ರಿಸ್‌ಮಸ್ಸಿಗೆ ಗೋದಲಿ, ಎಲ್ಲಕ್ಕೂ ಅವರೇ ಬೇಕು. ಮಾರಿಯಮ್ಮನ ಗುಡಿಯ ಹೊರಗೋಡೆಯ ಮೇಲೆ ಆಳೆತ್ತರದ ಅಮ್ಮನನ್ನು ಬರೆದವರೂ ಅವರೇ. ಕಣ್ಣು ಸ್ವಲ್ಪ ಮೆಳ್ಳೆ, ಪಾದ ಎರಡೂ ಒಂದೇ ಕಡೆಗೆ. ಆದರೆ ನಮ್ಮವರು ಪಾದ ನೋಡುವುದಿಲ್ಲ, ಕೊರಳು ನೋಡುತ್ತಾರೆ. ಅಲ್ಲಿ ತಾಳಿಯಿಲ್ಲ. ತಾಳಿಯ ಜಾಗದಲ್ಲಿ ಹಿತ್ತಾಳೆ ಬಣ್ಣದ ಒಂದು ಗುಂಡು ಬಿಲ್ಲೆ, ಬಿಲ್ಲೆಯೊಳಗೆ ನಂಬರು.

ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಅಂಥದೊಂದು ಬಿಲ್ಲೆ ಇರುತ್ತಿತ್ತು. ಇಳಿಯುವಾಗ ಗಣಿಯ ಬಾಗಿಲಲ್ಲಿ ತನ್ನ ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು, ಮೇಲೆ ಬಂದ ಮೇಲೆ ಮತ್ತೆ ಮೊಳೆಗೆ ತಗುಲಿಸಬೇಕು. ಶಿಫ್ಟ್ ಮುಗಿದರೂ ಮೊಳೆ ಖಾಲಿಯಿದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಅಂತ ಅರ್ಥ. ಕುಪ್ಪುಸ್ವಾಮಿ ಮಾಮನ ತಮ್ಮ ಸೆಲ್ವರಾಜ್ ಏರ್‌ಬ್ಲಾಸ್ಟಿನಲ್ಲಿ ಸಿಕ್ಕಿಕೊಂಡ. ಒಳಗೆ ಬಂಡೆ ಸಿಡಿದು ಸುರಂಗವೇ ಮುಚ್ಚಿಹೋಯಿತು. ಮೈ ಸಿಗಲಿಲ್ಲ, ಬಿಲ್ಲೆಯೂ ಸಿಗಲಿಲ್ಲ. ಆ ವರ್ಷ ಮಾಮ ಅಮ್ಮನ ಕೊರಳಿನ ತಾಳಿ ಅಳಿಸಿ ತಮ್ಮನ ಬಿಲ್ಲೆ ಬರೆದರು. ಮೇಲೆ ಬಾರದವನನ್ನು ಅವಳಾದರೂ ಇಟ್ಟುಕೊಂಡಿರಲಿ ಅಂತ. ಪಕ್ಕದಲ್ಲಿ ಬಣ್ಣದ ಡಬ್ಬ ಹಿಡಿದು ನಿಂತಿದ್ದವಳು ಆಶಾ, ಆಗಿನ್ನೂ ಲಂಗ ಹಾಕುವ ಹುಡುಗಿ. ಸೆಲ್ವರಾಜನ ಹೆಂಡತಿ ಅಮ್ಮಾಜಮ್ಮ ಆಶಾಳಿಗೆ ಚಿಕ್ಕಮ್ಮನಾಗಬೇಕು, ಅವಳ ಬಾಯಲ್ಲಿ ಚಿತ್ತಿ. ಚಿತ್ತಿ ಅಂದಿನಿಂದ ಪ್ರತಿ ಶುಕ್ರವಾರ ಬಂದು ಆ ಬಿಲ್ಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಮುಟ್ಟಿ ಮುಟ್ಟಿ ಅಲ್ಲಿನ ಬಣ್ಣ ನುಣುಪಾಗಿದೆ.

ಮುಂದಿನ ಕಥೆಯನ್ನು ಆಶಾಳೇ ನನಗೆ ಹೇಳಿದ್ದು, ಈ ವರ್ಷ, ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು.

ಎಂ.ಎ. ಓದಲು ಬರೋಡಾಕ್ಕೆ ಹೋದಳಲ್ಲ, ಅಲ್ಲಿ ಅವರವರ ಊರಿನ ಚಿತ್ರವೊಂದನ್ನು ತೋರಿಸಿ ಮಾತಾಡಿ ಅಂದರಂತೆ. ಇವಳು ಹೆಮ್ಮೆಯಿಂದಲೇ ಅಪ್ಪನ ಮಾರಿಯಮ್ಮನ ಫೋಟೋ ತೋರಿಸಿದಳು. 'ದೇವಿ ಯಾವ ಓಟದಲ್ಲಿ ಗೆದ್ದಳು? ಕೊರಳಲ್ಲಿ ಮೆಡಲ್ ಇದೆ' ಅಂದನಂತೆ ಒಬ್ಬ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ಇದೇನು ಅಂತ ಕೇಳಿದರು. ಉತ್ತರ ಇವಳ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ನಿನಗೆ ಹೇಗೆ ಗೊತ್ತು ಅನ್ನುತ್ತಾರೆ. ಬರೆದವನು ನಮ್ಮಪ್ಪ, ಒಳಗೆ ಉಳಿದವನು ನಮ್ಮ ಚಿತ್ತಪ್ಪ, ನಾವು ಬಿದಿರು ತಟ್ಟಿಯ ಮನೆಯವರು ಅನ್ನಬೇಕಾಗುತ್ತದೆ. 'ಬ್ರಿಟಿಷರ ಪದಕ ನೋಡಿ ತಿಳಿಯದೆ ನಕಲು ಮಾಡಿರಬೇಕು ಸರ್' ಅಂದುಬಿಟ್ಟಳು. ಮೇಷ್ಟ್ರು ತಲೆದೂಗಿದರು. ಇದನ್ನೇ ಹಿಡಿದು ಬರೆ, ಒಳ್ಳೆಯ ವಿಷಯ ಅಂದರು.

ನಾಚಿಕೆ ಆಗಲೇ ಆಯಿತಂತೆ. ಆದರೆ ನಾಚಿಕೆ ಯಾರ ಬಡ್ತಿಯನ್ನು ತಡೆದಿದೆ ಹೇಳಿ? ಆ ಒಂದು ಮಾತಿನ ಮೇಲೆ ಅವಳ ಪಿಎಚ್.ಡಿ. ಎದ್ದಿತು. 'ತಿಳಿಯದ ಕೈಯ ನಕಲು' ಅಂತ ಅದಕ್ಕೊಂದು ಹೆಸರು. ಬಿಲ್ಲೆಯೊಳಗಿನ ನಂಬರನ್ನು 'ಅಸ್ಪಷ್ಟ ಗೀಟುಗಳು' ಅಂತ ಬರೆದಳು. ಅವಳಿಗೆ ಆ ನಂಬರು ಬಾಯಿಪಾಠ. ಲೆಕ್ಚರರ್ ಆದಳು, ರೀಡರ್ ಆದಳು, ವಿಭಾಗದ ಮುಖ್ಯಸ್ಥೆಯಾದಳು. ಪ್ರತಿ ವರ್ಷ ಹೊಸ ಹುಡುಗರಿಗೆ ಲೇಪಾಕ್ಷಿಯ ಚಿತ್ರಗಳು ಮುಗಿದ ಮೇಲೆ ಅಪ್ಪನ ಮಾರಿಯಮ್ಮನ ಸ್ಲೈಡು. ಹುಡುಗರು ತಪ್ಪದೆ ನಗುತ್ತಿದ್ದರು. ಇವಳು ಪರದೆಗೆ ಬೆನ್ನು ಮಾಡಿ ನಿಂತು ನಗು ನಿಲ್ಲುವುದನ್ನು ಕಾಯುತ್ತಿದ್ದಳು.

ಕುಪ್ಪುಸ್ವಾಮಿ ಮಾಮ ಒಮ್ಮೆ ಕೇಳಿದರಂತೆ, "ನಮ್ ಗುಡಿ ಅಮ್ಮನ್ನ ಕಾಲೇಜಲ್ಲಿ ತೋರುಸ್ತೀಯಂತಲ್ಲ, ಏನಂತಾರಮ್ಮ ಉಡುಗ್ರು?"

"ನೋಡಿ ಖುಷಿಪಡ್ತಾರಪ್ಪ" ಅಂದಳಂತೆ.

ಮಾಮ ತೀರಿಕೊಂಡರು. ಗಣಿ ಅದಕ್ಕೆ ಮೊದಲೇ ಮುಚ್ಚಿತ್ತು. ಲೈನಿನ ಹಳಬರು ಒಬ್ಬೊಬ್ಬರಾಗಿ ಖಾಲಿಯಾದರು. ಗುಡಿಯ ಕಮಿಟಿಗೆ ರಾಮಚಂದ್ರಪ್ಪ ಅಧ್ಯಕ್ಷರಾದರು. ಫ್ಯಾಕ್ಟರಿ ಕೆಲಸಕ್ಕೆ ಅಂತ ದಾವಣಗೆರೆ ಕಡೆಯಿಂದ ಬಂದು ಇಲ್ಲೇ ನೆಲೆನಿಂತವರು, ಭಕ್ತಿವಂತರು. ಕುಂಭಾಭಿಷೇಕದ ತಯಾರಿ ನಡೆದಿರುವಾಗ ಅವರ ಕಣ್ಣಿಗೆ ಪೇಪರಿನ ಪುರವಣಿಯಲ್ಲಿ ಆಶಾಳ ಲೇಖನ ಬಿತ್ತು. ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿಟ್ಟರು. ಇಷ್ಟು ವರ್ಷ ಅಮ್ಮನ ಕೊರಳಲ್ಲಿ ಬ್ರಿಟಿಷರ ಪದಕ! ಅಳಿಸಿ ತಾಳಿ ಬರೆಸುವುದು ಅಂತ ತೀರ್ಮಾನವಾಯಿತು. ಅದು ಗಣಿಯ ಬಿಲ್ಲೆ ಅಂತ ನಾನು ಹೇಳಿದೆ. "ಟೀಚರೇ, ಪ್ರೊಫೆಸರ್ ಬರೆದಿದ್ದು ಸುಳ್ಳಾ?" ಅಂದರು. ನನ್ನ ಮಾತು ಗಾಳಿಗೆ ಹೋಯಿತು.

ಆಶಾಳಿಗೆ ಫೋನ್ ಹೋಯಿತು. "ಮೇಡಂ, ತಪ್ಪು ತೋರಿಸಿಕೊಟ್ಟವರು ನೀವು. ನೀವು ಇಲ್ಲಿಯವರೇ ಅಂತ ಆಮೇಲೆ ತಿಳಿದು ಇನ್ನೂ ಸಂತೋಷವಾಯಿತು. ಮೊದಲ ಬ್ರಷ್ ನಿಮ್ಮ ಕೈಯಿಂದಲೇ ಆಗಬೇಕು."

ಅವಳಿಗೆ ಅದು ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬೇಡ ಅನ್ನಬೇಕಾದರೆ ಯಾಕೆ ಅಂತ ಹೇಳಬೇಕು. ಯಾಕೆ ಅಂತ ಹೇಳಿದರೆ ಇಡೀ ಜೀವಮಾನದ ಓದು ಬರಹ ನೆಲಕ್ಕೆ ಬೀಳುತ್ತದೆ. ಸುಮ್ಮನಿದ್ದರೆ ಚಿತ್ತಪ್ಪನ ಬಿಲ್ಲೆ ಅಳಿಸಿಹೋಗುತ್ತದೆ. ಏನಾದರೂ ಉಪಾಯ ಮಾಡಿ ಉಳಿಸೋಣ ಅಂದುಕೊಂಡು ಬಂದಳು.

ಅವತ್ತು ಶುಕ್ರವಾರ. ಗುಡಿಯ ಮುಂದೆ ಶಾಮಿಯಾನ, ಗೋಡೆಯ ಪಕ್ಕ ಬಂಗಾರಪೇಟೆಯ ಪೇಂಟರ್, ತಟ್ಟೆಯಲ್ಲಿ ಅರಿಶಿನ ಕುಂಕುಮ ಹಚ್ಚಿದ ಬ್ರಷ್ಷು. ಆಶಾ ಮೊದಲು ದೊಡ್ಡ ಮಾತಾಡಿದಳು. ಹಳೆಯ ಚಿತ್ರ ಅಂದರೆ ಪರಂಪರೆ, ಹೇಗಿದೆಯೋ ಹಾಗೇ ಉಳಿಸಿಕೊಳ್ಳಬೇಕು ಅಂದಳು.

"ಪರಂಪರೆ ಅಂತ ತಪ್ಪನ್ನೂ ಉಳಿಸಿಕೊಳ್ಳೋದಾ ಮೇಡಂ? ನೀವೇ ಬರೆದಿದ್ದೀರಲ್ಲ" ಅಂತ ರಾಮಚಂದ್ರಪ್ಪ ಬ್ರಷ್ಷನ್ನು ಅವಳ ಕೈಗೆ ಕೊಟ್ಟರು.

ಆಗ ಚಿತ್ತಿ ಮುಂದೆ ಬಂದಳು. ಬೆನ್ನು ಬಾಗಿದೆ, ಕಣ್ಣು ಮಂಜು. ಆಶಾಳ ಕೆನ್ನೆ ಸವರಿದಳು. "ನೀನು ಓದ್ದೋಳು, ನನ್ ಕಣ್ಣು. ನೀನೇ ಅದು ಅಲ್ಲಿರೋದು ತಪ್ಪು ಅಂದ್ಮೇಲೆ ತಪ್ಪೇ ಇರ್ಬೇಕು. ನಿನ್ ಕೈಯಾಗೇ ಆಗ್ಲಿ, ನಂಗೇನೂ ಬ್ಯಾಸ್ರ ಇಲ್ಲ. ಬೆಳಿಗ್ಗೇನೇ ಬಂದು ಕೊನೇ ಕಿತ ಮುಟ್ಕಂಡ್ಬಿಟ್ಟೆ."

ಆಶಾ ಬ್ರಷ್ಷನ್ನು ತಟ್ಟೆಗೆ ಇಟ್ಟಳು.

"ಇದು ಪದಕ ಅಲ್ಲ" ಅಂದಳು. "ನಮ್ಮ ಸೆಲ್ವರಾಜ್ ಚಿತ್ತಪ್ಪನ ಬಿಲ್ಲೆ. ಬರೆದಿದ್ದು ನಮ್ಮಪ್ಪ. ಬಣ್ಣದ ಡಬ್ಬ ಹಿಡಿದಿದ್ದು ನಾನು. ಇದನ್ನ ಅಳಿಸಬೇಡಿ."

ರಾಮಚಂದ್ರಪ್ಪ ಲ್ಯಾಮಿನೇಷನ್ ಮಾಡಿದ ಲೇಖನ ನೋಡಿದರು, ಅವಳನ್ನು ನೋಡಿದರು. ಒಳ್ಳೆಯ ಮನುಷ್ಯ, ಅವಳಿಗೆ ಒಂದು ದಾರಿ ಬಿಟ್ಟುಕೊಟ್ಟರು. "ಬರೆಯೋವಾಗ ನೆನಪಿರಲಿಲ್ಲ ಅನ್ನಿ ಮೇಡಂ."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಮನಸ್ಸಿನಲ್ಲೇ ಹೂಂ ಅನ್ನೇ ಮಾರಾಯ್ತಿ ಅಂದುಕೊಂಡೆ.

"ನೆನಪಿತ್ತು" ಅಂದಳು, ಚಿತ್ತಿಯ ಕಡೆ ತಿರುಗಿ. "ನಿಮ್ಮ ಮನೆ ಹುಡುಗಿ ಅಂತ ಹೇಳಿಕೊಳ್ಳೋಕೆ ನಾಚಿಕೆಯಾಗಿ ಹಾಗೆ ಬರೆದೆ ಚಿತ್ತಿ."

ಚಿತ್ತಿ ಒಂದು ಹೆಜ್ಜೆ ಹಿಂದೆ ಸರಿದಳು. "ಗ್ಯಾಪ್ಕ ಇತ್ತಾ ನಿಂಗೆ?" ಅಂದಳು. "ಜನ ನಿನ್ನ ಬೈದ್ರೆ, ಮಗು ಚಿಕ್ಕದು ಆವಾಗ, ಮರ್ತೋಗೈತೆ, ಬೈಬ್ಯಾಡ್ರಿ ಅಂತ ಮನೆ ಮನೆಗೂ ಓಗಿ ಏಳ್ಕಂಡ್ ಬಂದ್ನಲ್ಲೇ."

ಪೇಂಟರ್ ಡಬ್ಬದ ಮುಚ್ಚಳ ಹಾಕಿದ. ಬಿಲ್ಲೆ ಉಳಿಯಿತು. ಚಿತ್ತಿ ಗೋಡೆಯ ಹತ್ತಿರ ಹೋಗಿ ಸೆರಗಿನಿಂದ ಬಿಲ್ಲೆ ಒರೆಸಿ, ಮುಟ್ಟಿ ಕಣ್ಣಿಗೊತ್ತಿಕೊಂಡು, ತಿರುಗಿ ನೋಡದೆ ಮನೆಗೆ ನಡೆದಳು. ಆಶಾ ಬರುತ್ತಾಳೆ ಅಂತ ಮುದ್ದೆ, ಉಪ್ಪುಸಾರು ಮಾಡಿಟ್ಟಿದ್ದಳು. ಊಟಕ್ಕೆ ಬಾ ಅಂತ ಕರೆಯಲಿಲ್ಲ.

ನಾನೇ ಅವಳನ್ನು ಬಂಗಾರಪೇಟೆಗೆ ಕರೆದುಕೊಂಡು ಹೋದೆ. ಎಲ್ಲ ಹೇಳಿ ಮುಗಿಸಿ, ರೈಲು ಬರುವ ಹೊತ್ತಿಗೆ ಕೇಳಿದಳು, "ಸುಮಾ, ಹುಡುಗರು ನಗ್ತಾರೆ ಅಂತ ಅಪ್ಪನಿಗೆ ಗೊತ್ತಾಗಿತ್ತಾ?"

"ಇಲ್ಲ ಕಣೆ" ಅಂದೆ. "ನಾನು ಬರೆದ ಅಮ್ಮನ್ನ ನೋಡೋಕೆ ಕಾಲೇಜು ಹುಡುಗರು ಕಾಯ್ತಾರಂತೆ ಅಂತ ಸಾಯೋವರೆಗೂ ಸಿಕ್ಕಸಿಕ್ಕವರಿಗೆಲ್ಲ ಹೇಳ್ತಿದ್ರು."

ಸಮಾಧಾನ ಆಗಲಿ ಅಂತಲೇ ಹೇಳಿದ್ದು. ಆಶಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ರೈಲು ಬಂದು ನಿಂತರೂ ತೆಗೆಯಲಿಲ್ಲ.